ಗೆಣ್ಣು ಎಣಿಸುವವರು

ಮಾರ್ಚ್ 4, ಸೋಮವಾರ

ಇಲಾಖೆಯಿಂದ ಆದೇಶ ಬಂದಿದೆ. ಐದನೇ ತರಗತಿಗೆ ಎರಡು ವಾರ ‘ನಾನಾ ಜನರ ಎಣಿಕೆ ಪದ್ಧತಿಗಳು’ ಕಲಿಸಬೇಕಂತೆ. ಹೆಡ್‌ಮಾಸ್ಟರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ನೀರಿನಲ್ಲಿ ಕಾಲಿಟ್ಟ ಬೆಕ್ಕಿನ ಹಾಗೆ ಕೈ ಒದರಿಕೊಂಡು ಹೋದರು. ಹದಿನೇಳರ ಮಗ್ಗಿ ಬಾರದ ಮಕ್ಕಳಿಗೆ ಬ್ಯಾಬಿಲೋನಿನವರ ಲೆಕ್ಕ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಆದರೂ ಶುರು ಮಾಡಿದೆ. ಹಿಂದಿನ ಕಾಲದಲ್ಲಿ ಎಷ್ಟೋ ಜನಕ್ಕೆ ಸೊನ್ನೆಯೇ ಗೊತ್ತಿರಲಿಲ್ಲ ಅಂದೆ. ಬಡಗಿಯ ಮಗಳು ಎದ್ದು ನಿಂತಳು. ಎಲ್ಲದಕ್ಕೂ ವಾದ ಮಾಡುತ್ತಾಳೆ ಅಂತ ಇಡೀ ಶಾಲೆ ಅವಳನ್ನು ಲಾಯರ್ ಅಂತಲೇ ಕರೆಯುತ್ತದೆ. ಹಾಗಾದರೆ ಆ ಕಾಲದಲ್ಲಿ ಟೀಚರು ನಮಗೆ ಎಷ್ಟು ಮಾರ್ಕ್ಸ್ ಕೊಡುತ್ತಿದ್ದರು ಅಂತ ಕೇಳಿದಳು. ತರಗತಿ ಗೊಳ್ಳೆಂದಿತು. ಕೈ ಚಾಚಿಸಿ ಎರಡು ಕೊಟ್ಟೆ. ಬೆತ್ತ ತುದಿಯಲ್ಲಿ ಸೀಳಿದೆ, ಹೊಸದು ತರಿಸಬೇಕು.

ಕಾಲುವೆಯ ಆಚೆಯವರ ಮಕ್ಕಳು ಒಂಬತ್ತೂ ಬಂದಿದ್ದವು. ಹೋದ ವಾರ ಸೇತುವೆಯ ಮೇಲೆ ಕಲ್ಲು ತೂರಿದ್ದು, ಬಸ್ಸು ಸುಟ್ಟಿದ್ದು ಆದಮೇಲೆ ಬರಲಾರವು ಅಂದುಕೊಂಡಿದ್ದೆ. ಒಬ್ಬ ದರ್ಜಿ ಒಂಬತ್ತನ್ನೂ ಸಾಲಾಗಿ ನಡೆಸಿಕೊಂಡು ಬಂದು ಗೇಟಿನಲ್ಲಿ ಬಿಟ್ಟು, ಸಂಜೆ ಕರೆದುಕೊಂಡು ಹೋಗುತ್ತಾನೆ. ಮುಂದಿನ ಬೆಂಚಿನ ಗುಬ್ಬಿ ಅವನ ಮಗಳು. ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗದಷ್ಟು ಪುಟ್ಟದು. ಅಂಜುಬುರುಕ ಜನ, ಆದರೆ ಹೊತ್ತಿಗೆ ಸರಿಯಾಗಿ ಬರುತ್ತಾರೆ.

ಮಾರ್ಚ್ 5, ಮಂಗಳವಾರ

ಇವತ್ತಿನ ಪಾಠ ನನಗೇ ಹಿಡಿಸಿತು. ಎಲ್ಲರೂ ಕೈ ಮೇಲೆತ್ತಿ ಹತ್ತರವರೆಗೆ ಎಣಿಸಿ ಅಂದೆ. ನಮ್ಮ ಮಕ್ಕಳು ಕಿರುಬೆರಳಿನಿಂದ ಒಂದೊಂದೇ ಮಡಚಿದವು. ಆ ಒಂಬತ್ತು ಮಾತ್ರ ಬೆರಳು ಮಡಚಲೇ ಇಲ್ಲ. ಹೆಬ್ಬೆರಳಿನ ತುದಿಯಿಂದ ಉಳಿದ ಬೆರಳುಗಳ ಗೆಣ್ಣು ಗೆಣ್ಣು ಮುಟ್ಟುತ್ತಾ ಹೋದವು. ನಾಲ್ಕು ಬೆರಳಿಗೆ ಮೂರು ಮೂರರಂತೆ ಒಂದು ಕೈಗೆ ಹನ್ನೆರಡು. ನಮ್ಮ ಮಕ್ಕಳು ನಕ್ಕರು. ಗುಬ್ಬಿಯನ್ನು ಮುಂದೆ ಕರೆದು ತೋರಿಸಮ್ಮ ಅಂದೆ. ಒಂದು ಕೈಯಲ್ಲಿ ಹನ್ನೆರಡು ಎಣಿಸಿ ಇನ್ನೊಂದು ಕೈಯ ಒಂದು ಬೆರಳು ಮಡಚುತ್ತಾ ಹೋದರೆ ಎರಡೇ ಕೈಗೆ ಅರವತ್ತು ಅಂತ ಮಾಡಿ ತೋರಿಸಿದಳು. ಗಡಿಯಾರದ ಹನ್ನೆರಡು ಗಂಟೆ, ಗಂಟೆಯ ಅರವತ್ತು ನಿಮಿಷ ಎಲ್ಲ ಹೀಗೇ ಬಂದಿದ್ದಿರಬಹುದು ಅಂದೆ. ನಗು ನಿಂತಿತು. ಕೊನೆಗೆ ನಗುತ್ತಿದ್ದವರೇ ಹತ್ತಕ್ಕಿಂತ ಹನ್ನೆರಡು ದೊಡ್ಡದು, ನಮಗೂ ಹೇಳಿಕೊಡಿ ಅಂತ ಶುರು ಮಾಡಿದರು.

ಊಟ ಮಾಡುತ್ತಾ ತಮ್ಮನಿಗೆ ಹೇಳಿದೆ. ಬೈಕು ರಿಪೇರಿ ಮಾಡುವವನಿಗೆ ನನ್ನ ಪಾಠದ ಮೇಲೆ ಯಾವತ್ತೂ ಆಸಕ್ತಿ ಇರಲಿಲ್ಲ. ಇವತ್ತು ತಟ್ಟೆಯಿಂದ ಕೈ ತೆಗೆದು ಕೇಳಿದ. ದೊಡ್ಡವರೂ ಹಾಗೇ ಎಣಿಸುತ್ತಾರಾ ಅಂದ. ಎಳೆತನದಲ್ಲಿ ಕೈಗೆ ಬಂದದ್ದು ಸಾಯೋವರೆಗೂ ಹೋಗಲ್ಲ, ಬಾಯಿ ಸುಳ್ಳು ಹೇಳಬಹುದು, ಕೈ ಹೇಳಲ್ಲ ಅಂದೆ. ನನಗೇ ನನ್ನ ಮಾತು ಚಂದ ಅನಿಸಿತು.

ಅಪ್ಪ ಹೋದಾಗ ಅವನಿಗೆ ಎರಡು ವರ್ಷ, ನನಗೆ ಇಪ್ಪತ್ತನಾಲ್ಕು. ಅಮ್ಮ ಹಡೆದದ್ದಷ್ಟೇ. ಎತ್ತಿ ಆಡಿಸಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು ನಾನು. ಈಗ ಬೀದಿ ಕಾಯುವ ಹುಡುಗರ ಗುಂಪು ಸೇರಿದ್ದಾನೆ. ಜವಾಬ್ದಾರಿ ಬಂದರೆ ಒಳ್ಳೆಯದೇ.

ಮಾರ್ಚ್ 8, ಶುಕ್ರವಾರ

ಮಾರ್ಕೆಟ್ಟಿನಲ್ಲಿ ಇಬ್ಬರನ್ನು ಕಡಿದರು. ನಮ್ಮವರನ್ನು. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಪ್ರತಿಯಾಗಿ ಮೂರು ಅಂಗಡಿ ಸುಟ್ಟರು, ಒಂದರೊಳಗೆ ಮನುಷ್ಯ ಇದ್ದ. ಆಚೆಯವನು. ಮೊಟ್ಟೆ ತರಲು ಹೋಗಿದ್ದೆ. ಹೊಗೆಯಲ್ಲಿ ಒಂದು ವಾಸನೆ ಇತ್ತು. ಏನು ಅಂತ ತಿಳಿಯುವ ಮೊದಲೇ ಬಾಯಲ್ಲಿ ನೀರೂರಿತ್ತು. ಮೊಟ್ಟೆ ಕೊಳ್ಳದೆ ವಾಪಸ್ಸು ಬಂದೆ.

ನಮ್ಮ ಕಡೆಯ ಮೂವರನ್ನು ಆಚೆಯವರು ಹಿಡಿದಿಟ್ಟುಕೊಂಡಿದ್ದಾರಂತೆ. ಸೇತುವೆಯ ಈಚೆ ತುದಿಗೆ ಮರಳಿನ ಮೂಟೆ ಒಟ್ಟಿದ್ದಾರೆ. ಗುಂಪಿನ ಯಜಮಾನ ಹಿಂದೆ ಬಸ್ ಕಂಡಕ್ಟರ್ ಆಗಿದ್ದವನು. ಈಗಲೂ ಮಾತು ಮಾತಿಗೂ ‘ರೈಟ್’ ಅನ್ನುತ್ತಾನೆ ಅಂತ ತಮ್ಮ ನಗುತ್ತಾ ಹೇಳಿದ.

ಮಾರ್ಚ್ 11, ಸೋಮವಾರ

ಶಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಮೂಟೆಗಳ ಹತ್ತಿರ ಕಾವಲು ಸೇರುವ ಮೊದಲೇ ದರ್ಜಿ ಒಂಬತ್ತು ಮಕ್ಕಳನ್ನು ಕರೆತಂದು ಬಿಟ್ಟು ಹೋದ. ಇಂಥ ದಿನ ಯಾಕೆ ತಂದಿರಿ ಅಂದೆ. ಅಲ್ಲಿ ಇದಕ್ಕಿಂತ ಜಾಸ್ತಿ ನಡೀತಿದೆ ಟೀಚರ್, ಶಾಲೆ ಮೇಲೆ ಯಾರು ಕೈ ಮಾಡ್ತಾರೆ ಅಂದ.

ಇಂಕಾ ಜನರ ಗಂಟಿನ ಲೆಕ್ಕ ಹೇಳುತ್ತಿದ್ದೆ. ದಾರದಲ್ಲಿ ಕೆಳಗೆ ಬಿಡಿ, ಅದರ ಮೇಲೆ ಹತ್ತು, ಅದರ ಮೇಲೆ ನೂರು. ಗಂಟಿಲ್ಲದ ಜಾಗವೇ ಸೊನ್ನೆ. ಅಷ್ಟರಲ್ಲಿ ಗುಂಡು ಹಾರಿದ ಸದ್ದು. ಕಿಟಕಿ ಗಾಜು ಒಡೆದು ಹಿಂದಿನ ಬೆಂಚಿನ ಹುಡುಗನ ಕಿವಿ ಕತ್ತರಿಸಿತು. ಎಲ್ಲರನ್ನೂ ನೆಲಕ್ಕೆ ಮಲಗಿಸಿದೆ. ಹೆಡ್‌ಮಾಸ್ಟರು ಎದೆನೋವು ಅಂತ ಹಿಂದಿನ ಗೇಟಿನಿಂದ ಹೊರಟರು, ಪಾಪ, ಎದೆ ಹಿಡಿದುಕೊಂಡೇ ಓಡಿದರು.

ಮೂರು ಗಂಟೆಯ ಹೊತ್ತಿಗೆ ಹೆಚ್ಚಿನ ತಾಯಿತಂದೆಯರು ಬಗ್ಗಿಕೊಂಡು ಬಂದು ಮಕ್ಕಳನ್ನು ಎಳೆದುಕೊಂಡು ಹೋದರು. ಸೇತುವೆ ಪಕ್ಕದ ಬೀದಿಯ ಏಳು ಮಕ್ಕಳಿಗೆ ಯಾರೂ ಬರಲಾಗಲಿಲ್ಲ, ಆ ಬೀದಿಗೇ ಗುಂಡು ಬೀಳುತ್ತಿದೆ. ಲಾಯರೂ ಅದರಲ್ಲಿ ಒಬ್ಬಳು. ಆಚೆಯ ಒಂಬತ್ತು ಹೇಗೂ ಹೋಗುವಂತಿಲ್ಲ. ಒಟ್ಟು ಹದಿನಾರು. ದೊಡ್ಡವರು ನಾನು ಮತ್ತು ಆಯಾ. ಆಯಾ ಈ ಶಾಲೆಯ ಗಂಟೆ ಹೊಡೆಯಲು ಶುರು ಮಾಡಿದ್ದು ನಾನು ಕೆಲಸಕ್ಕೆ ಸೇರುವ ಮೊದಲು.

ಮಾರ್ಚ್ 12, ಮಂಗಳವಾರ

ಬೆಳಿಗ್ಗೆ ಸದ್ದು ನಿಂತಿತ್ತು. ಬ್ರೆಡ್ಡಿಗೆ ಅಂತ ಹಿಂದಿನ ಓಣಿಯಿಂದ ಬೇಕರಿಗೆ ಹೋದೆ. ಬೇಕರಿಯ ಜಗುಲಿಯಿಂದ ಸೇತುವೆ ಕಾಣುತ್ತದೆ, ಮಾತೂ ಕೇಳಿಸುವಷ್ಟು ಹತ್ತಿರ.

ಮರಳಿನ ಮೂಟೆಗಳ ಹತ್ತಿರ ಗುಂಪಿನ ನಡುವೆ ದರ್ಜಿ ನಿಂತಿದ್ದ. ನಿನ್ನೆ ವಾಪಸ್ಸು ದಾಟಲಾಗದೆ ಎಲ್ಲೋ ಅಡಗಿದ್ದಿರಬೇಕು, ಅಂಗಿಗೆಲ್ಲ ಮಸಿ. ನಾನು ಈ ಕಡೆಯವನೇ ಅನ್ನುತ್ತಿದ್ದ. ಮಾತು ಎರಡೂ ಕಡೆ ಒಂದೇ, ಬಟ್ಟೆ ಒಂದೇ, ಏನು ಗೊತ್ತಾಗುತ್ತದೆ? ಆಗ ತಮ್ಮ ಮುಂದೆ ಬಂದ. ಕೈಯಲ್ಲಿ ಕಬ್ಬಿಣದ ರಾಡು. ಹೌದಾ, ಹಾಗಾದರೆ ಈ ಮೂಟೆ ಎಣಿಸು ನೋಡೋಣ, ಕೈಯಲ್ಲಿ ಎಣಿಸು ಅಂದ.

ಅವನು ಎಣಿಸಿದ. ಹೆಬ್ಬೆರಳು ಗೆಣ್ಣಿನ ಮೇಲೆ ನಡೆಯಿತು.

ಕಂಡಕ್ಟರ್ ‘ರೈಟ್’ ಅಂದ. ಮೊದಲ ಏಟು ನನ್ನ ತಮ್ಮನದು.

ಬ್ರೆಡ್ ತಂದೆ. ಒಂದೊಂದನ್ನೂ ಎರಡು ತುಂಡು ಮಾಡಿ ಹಂಚಿದೆ. ಗುಬ್ಬಿ ತನ್ನ ಪಾಲಿನ ಅರ್ಧ ಅಪ್ಪನಿಗೆ ಅಂತ ಚೀಲದಲ್ಲಿಟ್ಟಳು.

ಮಾರ್ಚ್ 13, ಬುಧವಾರ

ಮಧ್ಯಾಹ್ನ ತಮ್ಮ ಬಂದ. ಗೇಟಿನಲ್ಲೇ ನಿಂತು ಅಮ್ಮ ಕೇಳ್ತಿದ್ದಾಳೆ, ಮನೆಗೆ ಬಾ ಅಂದ. ಬೀದಿಯ ಮಕ್ಕಳಿವೆ, ಬಿಟ್ಟು ಬರಲಾಗಲ್ಲ ಅಂದೆ. ಕುಡಿಯಲು ಏನಾದರೂ ಇದೆಯಾ ಅಂದ. ಚಹಾ ಮಾಡಿಕೊಟ್ಟೆ. ಹೌದು, ಮಾಡಿಕೊಟ್ಟೆ. ಅವನ ಬೂಟಿನ ಹೊಲಿಗೆಯಲ್ಲಿ ರಕ್ತ ಕಪ್ಪಗೆ ಒಣಗಿತ್ತು.

“ಅಕ್ಕಾ, ನೀನು ಹೇಳಿದ್ದು ಎಷ್ಟು ಉಪಯೋಗಕ್ಕೆ ಬಂತು ಗೊತ್ತಾ? ಎರಡು ದಿನದಲ್ಲಿ ನಾಲ್ಕು ಜನ ಸಿಕ್ಕರು. ಕಂಡಕ್ಟರಣ್ಣ ನಿನ್ನನ್ನ ಕೇಳಿದ್ರು, ಯಾರೋ ಅದು ನಿಮ್ಮಕ್ಕ ಅಂತ.”

ಹತ್ತಕ್ಕೆ ಹತ್ತು ತೆಗೆದ ಮಗುವಿನ ಮುಖ ಹೇಗಿರುತ್ತದೋ ಹಾಗಿತ್ತು ಮುಖ. ಒಳಗೆ ಯಾರ್ಯಾರಿದ್ದಾರೆ ಅಂತ ಕೇಳಿದ. ನಮ್ಮವರೇ ಅಂದೆ. ಆಚೆಯವರ ಮಕ್ಕಳು ಸೋಮವಾರ ಬಂದಿದ್ದವಂತೆ, ಎಲ್ಲಿ ಹೋದವು ಅಂದ. ಗೊತ್ತಿಲ್ಲ ಅಂದೆ. ಅವು ಸಿಕ್ಕಿದರೆ ನಮ್ಮ ಕಡೆಯ ಮೂವರನ್ನು ಬಿಡಿಸಿಕೊಳ್ಳಬಹುದು, ಇಲ್ಲದಿದ್ದರೆ ಆ ಮೂವರಿಗೆ ಏನು ಆಗುತ್ತದೋ ಇವಕ್ಕೂ ಅದೇ ಅಂದ. ಶುಕ್ರವಾರ ಎಲ್ಲರೂ ಬಂದು ನೋಡುತ್ತೇವೆ ಅಂತ ಹೇಳಿ, ಲೋಟ ತೊಳೆದಿಟ್ಟು ಹೋದ. ಲೋಟ ತೊಳೆದಿಡುವುದನ್ನೂ ನಾನೇ ಕಲಿಸಿದ್ದು.

ಮಾರ್ಚ್ 14, ಗುರುವಾರ

ಬೆಳಿಗ್ಗೆಯಿಂದ ಒಂಬತ್ತನ್ನೂ ಕೂರಿಸಿಕೊಂಡು ನಮ್ಮ ಹಾಗೆ ಬೆರಳು ಮಡಚಿಸಿದೆ. ನಿಧಾನಕ್ಕೆ ಎಣಿಸಿದರೆ ಬರುತ್ತದೆ. ಬಾಗಿಲು ಧಡ್ ಅಂತ ಬಡಿದು ಎಣಿಸಿ ಅಂದರೆ ಹೆಬ್ಬೆರಳು ಗೆಣ್ಣಿಗೆ ಓಡುತ್ತದೆ. ಸ್ಕೇಲಿನಿಂದ ಹೊಡೆದೆ. ಒಂದು ಗಂಟೆ ಹೊತ್ತು ಹೊಡೆದೆ. ಗುಬ್ಬಿಯ ಹೆಬ್ಬೆರಳು ಊದಿತು. ಅಂಗೈಗೆ ಸೇರಿಸಿ ಬಟ್ಟೆ ಕಟ್ಟಿದೆ. ಬಿಚ್ಚಿದ ಕೂಡಲೇ ಮತ್ತೆ ಅದೇ. ಅವಳು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಆಯಾ ಬಂದು ನನ್ನ ಕೈಯಿಂದ ಸ್ಕೇಲು ಕಿತ್ತುಕೊಂಡು, “ಸಾಕು ಬಿಡವ್ವ, ಅವರು ಬಂದು ಮಾಡೋ ಕೆಲಸ ನೀನೇ ಮಾಡ್ತಿದ್ದೀಯ” ಅಂದಳು.

ಲಾಯರ್ ಮೂಲೆಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು. ಎದ್ದು ಬಂದಳು.

“ಟೀಚರ್, ಅವರು ನಮ್ಮ ಹಾಗೆ ಆಗೋಕೆ ಒಂದು ತಿಂಗಳು ಬೇಕು. ನಾವು ಅವರ ಹಾಗೆ ಆಗೋಕೆ ಒಂದು ಮಧ್ಯಾಹ್ನ ಸಾಕು.”

ಇಪ್ಪತ್ತೆರಡು ವರ್ಷ ಲೆಕ್ಕ ಹೇಳಿಕೊಟ್ಟವಳಿಗೆ ಇಷ್ಟು ಹೊಳೆಯಲಿಲ್ಲ.

ಮಧ್ಯಾಹ್ನ ಪೂರ್ತಿ ಹದಿನಾರು ಮಕ್ಕಳಿಗೂ ಪಾಠ. ಇಲಾಖೆಯ ಕಾಗದದಲ್ಲಿದ್ದದ್ದು, ಇಲ್ಲದ್ದು, ಎಲ್ಲ. ನಮ್ಮ ಏಳು ಮಕ್ಕಳಿಗೆ ಗೆಣ್ಣು. ಕೆಲವರಿಗೆ ಕಾಲ್ಬೆರಳನ್ನೂ ಸೇರಿಸಿ ಇಪ್ಪತ್ತರ ಲೆಕ್ಕ. ಇಬ್ಬರಿಗೆ ಮಾಯಾ ಜನರ ಚುಕ್ಕಿ ಗೆರೆ, ಐದಾದರೆ ಒಂದು ಗೆರೆ. ಇನ್ನಿಬ್ಬರಿಗೆ ಗಂಟಿನ ದಾರ. ದೂರದ ಬೆಟ್ಟಗಳಲ್ಲಿ ಮೈಯನ್ನೇ ಎಣಿಸುವವರಿದ್ದಾರಂತೆ, ಕಿರುಬೆರಳಿನಿಂದ ಹೊರಟು ಮಣಿಕಟ್ಟು, ಮೊಣಕೈ, ಹೆಗಲು, ಕತ್ತು, ಕಿವಿ, ಕಣ್ಣು, ಮೂಗು. ಅದನ್ನು ಕಿವಿ ಕತ್ತರಿಸಿಕೊಂಡ ಹುಡುಗನಿಗೆ ಕೊಟ್ಟೆ. ಬ್ಯಾಂಡೇಜಿನ ಮೇಲೆ ಬೆರಳಿಟ್ಟು ಹತ್ತು ಅನ್ನುವಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊರಗೆ ಗುಂಡಿನ ಸದ್ದು ನಡೆದೇ ಇತ್ತು.

ಹೆಸರು ಕೇಳಿದರೆ ಏನು ಮಾಡುವುದು? ಅದಕ್ಕೂ ಲಾಯರೇ. ಮನೆಗೆ ಹೋದ ನಮ್ಮ ಮಕ್ಕಳ ಹೆಸರನ್ನು ಒಂಬತ್ತಕ್ಕೂ ಹಂಚಿದಳು. ಗುಬ್ಬಿಗೆ ಬೇಕರಿಯವನ ಮಗಳ ಹೆಸರು ಬಂತು.

ಹಾಜರಿ ಪುಸ್ತಕವನ್ನು ಚಹಾದ ಒಲೆಗೆ ಹಾಕಿದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಚಿತ್ತು ಬೀಳಿಸಿರಲಿಲ್ಲ.

ಮಾರ್ಚ್ 16, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಿನ್ನೆಯದನ್ನು ಬರೆದಿಡಬೇಕು.

ಹತ್ತು ಗಂಟೆಗೆ ಮಹಡಿಯ ನಮ್ಮ ತರಗತಿಗೆ ಬಂದರು. ಏಳು ಜನ. ಕಂಡಕ್ಟರ್ ನನ್ನ ಕುರ್ಚಿಯಲ್ಲಿ ಕೂತ. ಒಬ್ಬೊಬ್ಬರೇ ಬಂದು ಕಿಟಕಿಯ ಸರಳು ಎಣಿಸಿ ಅಂದ. ಮೊದಲು ಲಾಯರ್ ಹೋದಳು. ಹೆಬ್ಬೆರಳಿನಿಂದ ಗೆಣ್ಣು ಗೆಣ್ಣು ಮುಟ್ಟಿದಳು. ಅವನು ಅವಳ ಜಡೆ ಹಿಡಿದು ಗೋಡೆಗೆ ಬಡಿದ. ಹಣೆ ಒಡೆಯಿತು. ಗುಂಪಿನ ಒಬ್ಬ, ಅಣ್ಣಾ ಇದು ನಮ್ಮ ಬಡಗಿ ಮಗಳು ಅಂದ. ಆಮೇಲೆ ಮೈ ಎಣಿಸುವ ಹುಡುಗ. ಆಮೇಲೆ ನೆಲದ ಮೇಲೆ ಚುಕ್ಕಿ ಗೆರೆ. ಆಮೇಲೆ ಬೂಟು ಕಳಚಿ ಕಾಲ್ಬೆರಳು ಹಿಡಿದವಳು. ಗುಬ್ಬಿ ಊದಿದ ಹೆಬ್ಬೆರಳಿನಿಂದ ಗೆಣ್ಣು ಎಣಿಸಿದಳು. ಅವಳ ಹಿಂದೆ ನಮ್ಮವರು ಮೂವರು ಅದೇ ರೀತಿ.

ಏನಿದು ಅಂತ ಕಂಡಕ್ಟರ್ ನನ್ನ ಕಡೆ ತಿರುಗಿದ. ಪಾಠ ಅಂದೆ. ಇಲಾಖೆಯ ಆದೇಶ ಇದೆ ಅಂತ ಕಾಗದ ತೋರಿಸಿದೆ. ಅವನು ಅದನ್ನು ಓದಿದ. ಪೂರ್ತಿ ಓದಿದ. ಗುಂಪಿನಲ್ಲಿ ಯಾರಿಗೋ ನಗು ಬಂತು.

ಆಗ ನನ್ನ ತಮ್ಮ ಬಾಯಿ ಬಿಟ್ಟ. “ಹಾಜರಿ ಪುಸ್ತಕ ಇರುತ್ತೆ ಅಣ್ಣ. ನಮ್ಮಕ್ಕ ಬೀರುವಿನಲ್ಲಿ ಇಡ್ತಾಳೆ.”

ಬೀರು ಒಡೆದರು. ಸುಟ್ಟೆ ಅಂದೆ. ಯಾಕೆ ಅಂದ ಕಂಡಕ್ಟರ್. ಚಳಿ ಅಂದೆ. ನಿಮ್ಮಕ್ಕ ತಾನೇ, ನೀನೇ ಕೇಳು ಅಂದ ತಮ್ಮನಿಗೆ. ನನ್ನ ಬಲಗೈಯನ್ನು ಮೇಜಿನ ಮೇಲೆ ಇಡಿಸಿದರು. ಹೇಳಕ್ಕಾ ಅಂದ. ಹೇಳಿಬಿಡು ಅಂದ. ಅವನ ಕಣ್ಣಲ್ಲಿ ನೀರಿತ್ತು.

‘ರೈಟ್’ ಅಂದ ಕಂಡಕ್ಟರ್.

ತಮ್ಮನ ರಾಡಿನಿಂದ ಮೂರು ಏಟು. ಮೊದಲನೆಯದರಲ್ಲಿ ಸದ್ದು ಕೇಳಿಸಿತು, ನೋವು ಆಮೇಲೆ. ಆಯಾ ಕಿರುಚಿಕೊಂಡು ಅವನ ಮೇಲೆ ಬಿದ್ದಳು, ಮುಖ ಪರಚಿದಳು. ಕಂಡಕ್ಟರ್ ಅವಳನ್ನು ಕೂದಲು ಹಿಡಿದು ಎಳೆದುಕೊಂಡು ಹೋಗಿ ಮೆಟ್ಟಿಲಿನಿಂದ ತಳ್ಳಿದ. ಹತ್ತೊಂಬತ್ತು ಮೆಟ್ಟಿಲು. ಕೆಳಗೆ ಬಿದ್ದ ಮೇಲೆ ಅವಳು ಅಲುಗಾಡಲಿಲ್ಲ. ಅಷ್ಟರಲ್ಲಿ ಆಚೆ ದಡದಿಂದ ಗುಂಡು ಜೋರಾಯಿತು. ಅವರು ಅವಳ ಮೈ ದಾಟಿಕೊಂಡು ಓಡಿದರು. ನನ್ನ ತಮ್ಮನೂ ದಾಟಿದ.

ಮಕ್ಕಳು ಹದಿನಾರೂ ಇವೆ.

ಮಾರ್ಚ್ 18, ಸೋಮವಾರ

ಸೈನ್ಯ ಬಂತು. ಆಯಾಳ ಹೆಣವನ್ನು ಒಯ್ದರು. ಕೈ ನೋಡಿದ ಡಾಕ್ಟರು ಮೂರು ಬೆರಳು ಇನ್ನು ಮಡಚಲು ಬರುವುದಿಲ್ಲ ಅಂದರು.

ಆಚೆಯ ಮಕ್ಕಳನ್ನು ದಾಟಿಸುವ ಲಾರಿ ಬರುವ ಮೊದಲು ಗುಬ್ಬಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಅಪ್ಪನ ವಿಷಯ ಹೇಳಿದೆ. ಚೀಲದಿಂದ ಗಟ್ಟಿಯಾದ ಬ್ರೆಡ್ ತೆಗೆದು ನೋಡಿ, ಮತ್ತೆ ಒಳಗಿಟ್ಟಳು. ಬಹಳ ಹೊತ್ತು ಹೊಡೆದರಾ ಅಂತ ಕೇಳಿದಳು. ಇಲ್ಲ ಅಂದೆ. ಅದು ಸುಳ್ಳು. ಆ ಮಗುವಿಗೆ ನಾನು ಹೇಳಿದ್ದು ಅದೊಂದೇ ಸುಳ್ಳು.

ಮಾರ್ಚ್ 27, ಬುಧವಾರ

ಮನೆಯಲ್ಲಿದ್ದೇನೆ. ತಮ್ಮ ಅಟ್ಟದಲ್ಲಿ ಅಡಗಿದ್ದಾನೆ. ಅಮ್ಮ ಊಟದ ತಟ್ಟೆಯನ್ನು ಮೇಲಕ್ಕೆ ಕೊಡುತ್ತಾಳೆ, ಖಾಲಿಯಾದದ್ದನ್ನು ಕೆಳಗೆ ತರುತ್ತಾಳೆ. ಇವತ್ತು ಅವನು ಇಳಿದು ಬಂದು ನನ್ನ ಕೈಯ ಪಟ್ಟಿ ನೋಡಿದ. ನಾನು ಹೊಡೆಯದಿದ್ದರೆ ಅವರು ನಿನ್ನನ್ನು ಕೊಂದೇಬಿಡುತ್ತಿದ್ದರು, ನಿನ್ನ ಜೀವ ಉಳಿಸಿದ್ದು ನಾನು ಅಂದ. ಇರಬಹುದು. ಹಾಗಾದರೆ ದರ್ಜಿಯ ಜೀವ ಅಂದೆ. ಅವನು ಯಾರು ಅಂತ ಕೇಳಿದ. ನಿಜಕ್ಕೂ ಅವನಿಗೆ ನೆನಪಿರಲಿಲ್ಲ, ಯಾವನು ಅಂತ.

ಅಮ್ಮ ಒಳಗೆ ಕರೆದು, “ನಾಳೆ ಯಾರು ಬಂದು ಕೇಳಿದರೂ ನೀನು ಏನೂ ನೋಡಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದರೂ ನಿನ್ನ ಮಡಿಲಲ್ಲಿ ಬೆಳೆದ ಮಗು ಅದು” ಅಂದಳು.

ಏಪ್ರಿಲ್ 3, ಬುಧವಾರ

ವಿಚಾರಣೆಯ ಅಧಿಕಾರಿ ಶಾಲೆಗೆ ಬಂದಿದ್ದರು. ಬೇಕರಿಯವನು ಏನೂ ನೋಡಿಲ್ಲ ಅಂದನಂತೆ. ಬೀದಿಯ ಯಾರೂ ಏನೂ ನೋಡಿಲ್ಲ. ಊರಿಗೆ ಊರೇ ಕಣ್ಣು ಮುಚ್ಚಿಕೊಂಡು ಕೂತಿತ್ತು ಹಾಗಾದರೆ.

ಕಂಡಕ್ಟರನ ಹೆಸರು ಹೇಳಿದೆ. ಮೊದಲ ಏಟು ಹಾಕಿದವನ ಹೆಸರು ಹೇಳಿದೆ. ಎಲ್ಲಿದ್ದಾನೆ ಅಂದರು. ಅದನ್ನೂ ಹೇಳಿದೆ. ನಿಮಗೆ ಏನಾಗಬೇಕು ಅಂದರು. ತಮ್ಮ ಅಂದೆ. ಅವರು ಪೆನ್ನು ಕೆಳಗಿಟ್ಟು ನೀರು ಬೇಕಾ ಅಂತ ಕೇಳಿದರು. ಬೇಡ ಅಂದೆ. ಆಚೆಯ ಜನ ಹೇಗೆ ಎಣಿಸುತ್ತಾರೆ ಅಂತ ಅವನಿಗೆ ಹೇಳಿದ್ದು ನಾನು, ಊಟದ ಹೊತ್ತಿನಲ್ಲಿ, ಮಾರ್ಚ್ ಐದನೇ ತಾರೀಕು, ಅದನ್ನೂ ಬರೆದುಕೊಳ್ಳಿ ಅಂದೆ. ಅದು ಅಪರಾಧ ಅಲ್ಲ ಮೇಡಂ ಅಂದರು. ಬರೆದುಕೊಳ್ಳಿ ಅಂದೆ. ಬರೆದುಕೊಂಡರು.

ಏಪ್ರಿಲ್ 4, ಗುರುವಾರ

ತಮ್ಮನನ್ನು ಕರೆದುಕೊಂಡು ಹೋದರು. ಹೋಗುವಾಗ ಅವನು ಅಮ್ಮನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಎರಡು ವರ್ಷದವನಿದ್ದಾಗ ನಾನು ಕೆಲಸಕ್ಕೆ ಹೊರಟರೆ ಹಾಗೇ ನೋಡುತ್ತಿದ್ದ.

ಅಮ್ಮ ನನ್ನ ಬಟ್ಟೆಗಳನ್ನು ಬಾಗಿಲ ಹೊರಗಿಟ್ಟಿದ್ದಳು, ಮಡಚಿ.

ಏಪ್ರಿಲ್ 18, ಗುರುವಾರ

ಶಾಲೆ ತೆರೆಯಿತು. ನಾನು ಈಗ ಆಯಾ ಇದ್ದ ಕೋಣೆಯಲ್ಲಿದ್ದೇನೆ. ಬೆಳಿಗ್ಗೆ ಗಂಟೆಯನ್ನೂ ನಾನೇ ಹೊಡೆದೆ.

ಇಪ್ಪತ್ತಾರು ಮಕ್ಕಳು. ಸೇತುವೆ ದಾಟಿ ನಾಲ್ಕು ಬಂದವು. ಗುಬ್ಬಿಯ ಜೊತೆ ಅವಳ ತಾಯಿ ಬಂದಿದ್ದಳು. ಗಂಡ ತಾನೇ ಹೊಲಿದದ್ದಿರಬೇಕು, ಅಳತೆಗೆ ಸರಿಯಾದ ಉದ್ದ ಕೋಟು. ಗೇಟಿನಲ್ಲಿ ನಿಂತು, ಅವರು ಹೋದಾಗ ನೋಡಿದ್ದು ನೀವೊಬ್ಬರೇ ಅಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂದಳು. ಹೇಳಿದೆ. ನನ್ನ ತಮ್ಮ ಅಂತ ಹೇಳಿದೆ. ಅವನಿಗೆ ಯಾರು ಹೇಳಿಕೊಟ್ಟರು ಅನ್ನುವುದನ್ನೂ ಹೇಳಿದೆ. ಅವಳ ಮುಖದಲ್ಲಿ ಏನೂ ಅಲುಗಲಿಲ್ಲ. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ತಡೆಯುತ್ತಿರಲಿಲ್ಲ.

ಅವಳು ಒಂದೇ ಮಾತು ಕೇಳಿದಳು. “ಎಷ್ಟರವರೆಗೆ ಎಣಿಸಿದ್ರು?”

“ಏಳು” ಅಂದೆ.

ಅವಳು ತಲೆಯಾಡಿಸಿದಳು. ಮಗಳ ಕೈ ಬಿಟ್ಟಳು. ಗುಬ್ಬಿ ಬಂದು ಮುಂದಿನ ಬೆಂಚಿನಲ್ಲಿ, ಲಾಯರ್ ಸರಿದು ಕೊಟ್ಟ ಜಾಗದಲ್ಲಿ ಕೂತಳು. ನಾನು ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯಲು ಶುರು ಮಾಡಿದೆ. ಅಕ್ಷರ ಡೊಂಕು, ಮಕ್ಕಳಿಗೆ ಓದಲು ಕಷ್ಟವಾಯಿತು, ಎರಡೆರಡು ಸಲ ಕೇಳಿದವು. ಎರಡೆರಡು ಸಲ ಹೇಳಿದೆ.

ತಾಯಿ ಹೋಗಲಿಲ್ಲ. ಪಾಠ ಮುಗಿಯುವವರೆಗೂ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತು, ತಲೆಯೆತ್ತಿ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಒಂದೂ ತಪ್ಪಿಲ್ಲದೆ ಪಾಠ ಮಾಡಬೇಕಿತ್ತು. ಮಾಡಿದೆ.